ಅತ್ತೆ ಯಾವ ಕಲಮಿಗೆ ಸೇರುತ್ತಾರೆ

ನನಗೆ ಮದುವೆಯಾಗಿಲ್ಲ. ಆದರೂ ಗಂಡ ಹೆಂಡಿರು ಬೇರೆಯಾಗುವ ವಿಷಯದಲ್ಲಿ ಈ ಕೋರ್ಟಿನ ಬೀದಿಯಲ್ಲಿ ನನ್ನಷ್ಟು ತಿಳಿದವರು ಇಲ್ಲ ಅಂದರೆ ಅದು ಜಂಬವಲ್ಲ. ಮೂವತ್ತೊಂದು ವರ್ಷದಿಂದ ವಕೀಲರ ಕಟ್ಟಡದ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದೇನೆ. ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರ್ ಇದೆ, ಪಕ್ಕದಲ್ಲಿ ಹಳೇ ರೋಗಿಯ ಹಾಗೆ ಕೆಮ್ಮುವ ಪ್ರಿಂಟರ್ ಇದೆ. ಜನ ಮಾತ್ರ ಆಗಲೂ ಟೈಪಮ್ಮ ಅನ್ನುತ್ತಿದ್ದರು, ಈಗಲೂ ಟೈಪಮ್ಮ ಅನ್ನುತ್ತಾರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಒಂದು ದಿನ ನನ್ನ ಪಕ್ಕ ಕೂರಬೇಕಿತ್ತು. ನನ್ನ ಹತ್ತಿರ ಬರುವವರು ಉಂಡು, ಮಲಗಿ, ಎದ್ದು, ಹಲ್ಲುಜ್ಜಿದ ಮೇಲೂ ಜಗಳ ಮುಗಿಯದವರು.

ವಿಚ್ಛೇದನ ಕೊಡುವುದು ಕೋರ್ಟು. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಅದಕ್ಕೂ ಮೊದಲು, ಕಿತ್ತಾಡದೆ ಬೇರೆ ಬೇರೆ ಇರುತ್ತೇವೆ ಎಂದು ಇಬ್ಬರೂ ಒಪ್ಪಿ ಬರೆದುಕೊಳ್ಳುವ ಕಾಗದವೊಂದಿದೆ. ಅದರಲ್ಲಿ ಏನೇನು ಇರಬೇಕೆಂಬುದು ನನಗೆ ಬಾಯಿಪಾಠ. ಮದುವೆಯ ತಾರೀಕು, ಬೇರೆಯಾದ ತಾರೀಕು, ಮನೆಯಲ್ಲಿ ಯಾರಿರುತ್ತಾರೆ, ಬಾಡಿಗೆ ಕರಾರು ಯಾರ ಹೆಸರಿಗೆ ಇರಬೇಕು. ಮಕ್ಕಳು ಯಾರ ಹತ್ತಿರ, ಇನ್ನೊಬ್ಬರು ಯಾವ ದಿನ ನೋಡಲು ಬರಬಹುದು, ಶಾಲೆಯ ಅರ್ಜಿಗೆ ಯಾರ ಸಹಿ. ಆಮೇಲೆ ಜೀವನಾಂಶ, ಒಡವೆ, ಜಂಟಿ ಖಾತೆ, ವಿಮೆಯ ನಾಮಿನಿ, ಪಾತ್ರೆ ಪಗಡೆ. ಮನೆ ಯಾರಿಗೆ ಅಂದಾಗ ಕಲ್ಲಿನ ಹಾಗೆ ಕೂತಿದ್ದವರು ಕುಕ್ಕರ್ ಯಾರಿಗೆ ಅಂದ ತಕ್ಷಣ ಕಣ್ಣೊರೆಸಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆಗ ನಾನು ಎದ್ದು ಫ್ಯಾನು ಜೋರು ಮಾಡುತ್ತೇನೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ.

ನನ್ನದೊಂದು ಪದ್ಧತಿ ಇದೆ. ಮೇಜಿನ ಎದುರು ಒಂದೇ ಬೆಂಚು. ಇಬ್ಬರೂ ಅದರ ಮೇಲೆಯೇ ಕೂರಬೇಕು. ಒಂದೊಂದೇ ಕಲಮು ಗಟ್ಟಿಯಾಗಿ ಓದುತ್ತೇನೆ, ಅದು ಯಾರನ್ನು ಮುಟ್ಟುತ್ತದೋ ಅವರು ತಮ್ಮ ಬಾಯಿಂದಲೇ ‘ಒಪ್ಪಿದೆ’ ಅನ್ನಬೇಕು. ವಕೀಲರು ತಲೆಯಾಡಿಸಿದರೆ ಆಗದು, ಅಣ್ಣ ಮಾವ ಹೂಂಗುಟ್ಟಿದರೂ ಆಗದು. ಮೇಲಿನ ವಕೀಲರಿಗೆ ಇದು ತಮಾಷೆ. ‘ಟೈಪಮ್ಮನ ಹತ್ತಿರ ಮದುವೆ ಬಿಡಿಸಿಕೊಳ್ಳೋಕೆ ಮದುವೆಗಿಂತ ಹೆಚ್ಚು ಮಂತ್ರ’ ಎಂದು ನಗುತ್ತಾರೆ. ನಗಲಿ. ಈ ಪದ್ಧತಿಯಿಂದ ಯಾರಿಗೂ ಕೆಡುಕಾಗಿಲ್ಲ ಎಂದು ನಾನು ಬಹಳ ದಿನ ಬೀಗುತ್ತಿದ್ದೆ. ಕಾಜಾ ನನ್ನ ಮೇಜಿಗೆ ಬರುವ ತನಕ.

ಕಾಜಾ ಅಂದರೆ ಅವಳ ಹೆಸರಲ್ಲ, ಅವಳ ಕಸುಬು. ಅಂಗಿ ಕೋಟುಗಳಿಗೆ ಗುಂಡಿ ಹಾಯಿಸುವ ತೂತು ಇರುತ್ತದಲ್ಲ, ಅದರ ಅಂಚನ್ನು ದಾರದಿಂದ ಹೆಣೆಯುವುದು ಕಾಜಾ ಕೆಲಸ. ಮಿಷನ್ನು ಬಂದ ಮೇಲೂ ದಪ್ಪ ಕೋಟಿಗೆ ಕೈ ಕೆಲಸವೇ ಬೇಕು. ನಾಲ್ಕು ಟೈಲರ್ ಅಂಗಡಿಗಳಿಗೆ ಅವಳು ಕಾಜಾ ಮಾಡಿಕೊಡುತ್ತಾಳೆ. ವಾರಕ್ಕೊಮ್ಮೆ ಈ ಕಟ್ಟಡಕ್ಕೂ ಬಂದು ವಕೀಲರ ಕರಿ ಕೋಟುಗಳನ್ನು ಒಯ್ಯುತ್ತಾಳೆ. ವಾದ ಮಾಡುವಾಗ ಕೈ ಬೀಸಿ ಬೀಸಿ ಅವರ ಗುಂಡಿಗಳು ಕಿತ್ತು ಬರುತ್ತವೆ. ಕೆಲವರ ಗುಂಡಿ ಹೊಟ್ಟೆಯ ದೆಸೆಯಿಂದಲೂ ಕಿತ್ತು ಬರುತ್ತದೆ, ಅದನ್ನು ಅವರು ವಾದದ ಲೆಕ್ಕಕ್ಕೇ ಹಾಕುತ್ತಾರೆ. ಟೈಲರುಗಳು ಅವಳನ್ನು ಕಾಜಾ ಅಕ್ಕ ಅಂತಾರೆ. ನನಗಿಂತ ಹದಿನೈದು ವರ್ಷ ಚಿಕ್ಕವಳು, ಹಾಗಾಗಿ ನನಗೆ ಬರೀ ಕಾಜಾ.

ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಮಹಡಿಗಳ ಮಧ್ಯೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವುದು ಅವನ ಕೆಲಸ. ಎಂಟು ವರ್ಷ ಮಕ್ಕಳಿಗಾಗಿ ಕಾದರು, ಆಸ್ಪತ್ರೆಗಳಿಗೆ ಅಲೆದರು, ಆಮೇಲೆ ಅಲೆಯುವುದನ್ನು ಬಿಟ್ಟರು. ನಾಲ್ಕು ವರ್ಷದ ಹಿಂದೆ ಅವನು ಬಟ್ಟೆಯಂಗಡಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳ ಜೊತೆ ಊರಿನ ಆ ಕೊನೆಯಲ್ಲಿ ಮನೆ ಮಾಡಿದ. ಹೊಡೆದಾಟ, ಕೂಗಾಟ ಏನೂ ಇಲ್ಲ. ಒಂದು ಭಾನುವಾರ ಬೆಳಗ್ಗೆ ಚೀಲ ಹಿಡಿದು ಹೋದ, ಅಷ್ಟೇ. ಹೋಗುವಾಗ ತಾಯಿಯನ್ನು ಕರೆದುಕೊಂಡು ಹೋಗಲಿಲ್ಲ. ಬಾ ಅನ್ನಲಿಲ್ಲ, ಅವರೂ ಬರುತ್ತೇನೆ ಅನ್ನಲಿಲ್ಲ. ಹಾಗಾಗಿ ಆ ಮನೆಯಲ್ಲಿ ಉಳಿದದ್ದು ಅತ್ತೆ ಮತ್ತು ಸೊಸೆ.

ಒಮ್ಮೆ ಅರ್ಜೆಂಟಾಗಿ ಒಂದು ಕೋಟು ಬೇಕಾಗಿ ನಾನೇ ಅವಳ ಮನೆಗೆ ಹೋಗಿದ್ದೆ. ಮೂರನೇ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿಯ ಹತ್ತಿರ ಸೊಸೆ ಕೋಟು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಗೋಡೆಗೆ ಒರಗಿ ಅತ್ತೆ. ಎಪ್ಪತ್ತು ದಾಟಿದವರು, ಒಂದು ಕಣ್ಣಿನ ಆಪರೇಷನ್ ಕೆಟ್ಟು ಹೋಗಿತ್ತು, ಇನ್ನೊಂದಕ್ಕೆ ಹೆದರಿ ಮಾಡಿಸಿರಲಿಲ್ಲ. ಬೆಳಕು ಕತ್ತಲೆ ತಿಳಿಯುತ್ತಿತ್ತು, ಮುಖ ಮಸುಕಾಗಿ ಕಾಣುತ್ತಿತ್ತು, ಅಕ್ಷರವಂತೂ ಇಲ್ಲ. ಕಿವಿ ಮಾತ್ರ ಹಾವಿನ ಕಿವಿ. ಮಡಿಲಲ್ಲಿ ಗುಂಡಿಯ ಡಬ್ಬ ಇಟ್ಟುಕೊಂಡು, ಬೆರಳಲ್ಲೇ ತಡವಿ ಎರಡು ತೂತಿನದು ಒಂದು ಕಡೆ, ನಾಲ್ಕು ತೂತಿನದು ಒಂದು ಕಡೆ, ಅಂಚು ಮುರಿದದ್ದು ಇನ್ನೊಂದು ಕಡೆ ಹಾಕುತ್ತಿದ್ದರು.

“ಬಂದಿರೋರು ಯಾರೇ? ಚಪ್ಪಲಿ ಎಳ್ಕೊಂಡು ನಡೀತಾರೆ,” ಅಂದರು.

“ಟೈಪಮ್ಮ, ಅತ್ತೆ. ಕೋಟಿಗೆ ಬಂದಿದಾರೆ.”

“ಓ, ಸಂಸಾರ ಮುರಿಯೋ ಅಮ್ಮ! ಕೂತ್ಕೊಳ್ಳಿ. ನಮ್ಮನೇದು ನೀವಿಲ್ದೇನೇ ಮುರೀತು.”

ಹೀಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡುವವರು ನನಗೆ ಇಷ್ಟ. ಅತ್ತೆ ಸೊಸೆ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವರು ಒಂದು ಹಿಡಿ ಗುಂಡಿ ಮುಂದಕ್ಕೆ ಚಾಚುತ್ತಿದ್ದರು, ಇವಳು ನೋಡದೆಯೇ ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಈ ಮನೆಯಲ್ಲಿ ಇಬ್ಬರ ಕಾಲವೂ ಮುಗಿದು, ಉಳಿದ ಹೊತ್ತನ್ನು ಇಬ್ಬರೂ ಹಂಚಿಕೊಂಡಿದ್ದರು.

ಹೋದ ವರ್ಷ ಗಂಡನ ಹೊಸ ಮನೆಯಲ್ಲಿ ಮಗು ಹುಟ್ಟಿತು. ಮಗುವಿಗೆ ಹತ್ತು ತಿಂಗಳಾದಾಗ ಅವನು ವಕೀಲರನ್ನು ಕಂಡು, ಎಲ್ಲ ಕಾಗದದ ಮೇಲೆ ಆಗಲಿ ಎಂದು ಕೇಳಿಕೊಂಡ. ಆ ಹೆಂಗಸಿನ ಒತ್ತಾಯ ಇರಬೇಕು. ತಪ್ಪೇನಲ್ಲ, ಅವಳಿಗೂ ಗಟ್ಟಿ ನೆಲ ಬೇಡವೇ? ವಕೀಲರು ಒಂದು ಹಾಳೆಯಲ್ಲಿ ಅವನ ಬೇಡಿಕೆಗಳನ್ನು ಗೀಚಿ ಕಾಜಾಳಿಗೂ ಒಂದು ಪ್ರತಿ ಕೊಟ್ಟು ನನ್ನ ಹತ್ತಿರ ಕಳಿಸಿದರು. ಒಬ್ಬಳೇ ಬಂದಳು. ಹಾಳೆಯಲ್ಲಿ ಒಂದು ಸಾಲಿನ ಕೆಳಗೆ ಬಿಳಿ ದಾರದ ತುಂಡು ಅಂಟಿಸಿದ್ದಳು. ಗುರುತಿಗೆ ಪೆನ್ನಿಗಿಂತ ದಾರ ಅವಳ ಕೈಗೆ ಬೇಗ ಸಿಗುತ್ತದೆ. ‘ಗಂಡನ ತಾಯಿಯು ಇನ್ನು ಮುಂದೆ ಮಗನ ಜೊತೆಯಲ್ಲಿ ವಾಸಿಸತಕ್ಕದ್ದು’ ಎಂದು ಆ ಸಾಲಿನಲ್ಲಿತ್ತು.

“ಬೇರೆ ಎಲ್ಲದಕ್ಕೂ ಒಪ್ಪಿದೀನಿ ಅಮ್ಮ,” ಅಂದಳು. “ಇದೊಂದು ಬೇಡ. ಅತ್ತೆ ನನ್ನ ಹತ್ರಾನೇ ಇರ್ಬೇಕು ಅಂತ ಬರೀರಿ.”

“ಅದು ಯಾವ ಕಲಮಿಗೆ ಬರುತ್ತೆ ಕಣೇ? ಮಕ್ಕಳ ಕಲಮಿದೆ, ಪಾತ್ರೆ ಕಲಮಿದೆ. ಅತ್ತೆಗೆ ಕಲಮಿಲ್ಲ.”

“ನನಗೆ ಮಕ್ಕಳ ಕಲಮು ಖಾಲಿ ಇದೆಯಲ್ಲ, ಅಲ್ಲೇ ಬರೀರಿ.”

ನಗುತ್ತಿದ್ದಾಳೆ ಅಂದುಕೊಂಡು ತಲೆಯೆತ್ತಿ ನೋಡಿದೆ. ನಗುತ್ತಿರಲಿಲ್ಲ.

“ಸಾಯಂಕಾಲ ಬೀಗ ತೆಗೆದು ಒಳಗೆ ಹೋಗೋದು ಹೇಗೆ ಅಂತ ನನಗೆ ಗೊತ್ತಿಲ್ಲಮ್ಮ,” ಅಂದಳು. “ಮದುವೆ ಆಗಿ ಹತ್ತೊಂಬತ್ತು ವರ್ಷ ಆಯ್ತು. ಯಾವತ್ತೂ ಯಾರೋ ಒಬ್ರು ಒಳಗಿಂದ ಬಾಗಿಲು ತೆಗೆದಿದಾರೆ. ಅವರು ಹೋದಾಗ್ಲೂ ಅತ್ತೆ ಇದ್ರು. ಅದಕ್ಕೇ ನಾನು ಅಳ್ಲಿಲ್ಲ. ಈಗ ಅತ್ತೇನೂ ಹೋದ್ರೆ...” ಅಲ್ಲಿಗೆ ನಿಲ್ಲಿಸಿ, ಹಾಳೆಯಿಂದ ದಾರ ಬಿಡಿಸಿ ಬೆರಳಿಗೆ ಸುತ್ತಿಕೊಂಡಳು.

ನಾನು ದಿನಾ ಬೀಗ ತೆಗೆದು ಒಳಗೆ ಹೋಗುವವಳು. ಮೂವತ್ತು ವರ್ಷವಾಯಿತು, ಅದು ಕಷ್ಟ ಅಂತ ನನಗೆ ಗೊತ್ತೇ ಇರಲಿಲ್ಲ. ಅವಳು ಹೇಳಿದ ಮೇಲೆ ಆವತ್ತು ಸಾಯಂಕಾಲ ಮನೆಯ ಮುಂದೆ ಕೀಲಿ ಹಿಡಿದು ಸುಮ್ಮನೆ ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಶನಿವಾರ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಬಂದು ಬೆಂಚಿನ ಮೇಲೆ ಕೂತರು. ನಡುವೆ ಅವನ ಸಲಕರಣೆಯ ಚೀಲ. ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಬಿಸಿಲಿಗೆ ಮುಖ ಒರೆಸಿಕೊಂಡಾಗ ಎದ್ದು ಫ್ಯಾನನ್ನು ಅವಳ ಕಡೆ ತಿರುಗಿಸಿದ, ನನ್ನನ್ನು ಕೇಳದೆ.

ಮೊದಲ ಕಲಮುಗಳು ನೀರು ಕುಡಿದ ಹಾಗೆ ಮುಗಿದವು. ಬಾಡಿಗೆ ಕರಾರು ಅವಳ ಹೆಸರಿಗೆ ಆಗಲಿ, ಒಪ್ಪಿದೆ. ಪಾತ್ರೆ, ಮಂಚ, ಹೊಲಿಗೆ ಮಿಷನ್ನು ಅವಳಿಗೆ, ಒಪ್ಪಿದೆ. ಒಡವೆ ಅವಳದು ಅವಳಿಗೆ, ಒಪ್ಪಿದೆ. ಜೀವನಾಂಶ ಬೇಡ ಅಂದಳು. ಬೇಡ ಅಂತ ಬರೆದರೆ ಮುಂದೆ ಕೇಳುವುದು ಕಷ್ಟ, ಎರಡು ದಿನ ಯೋಚಿಸು ಅಂದೆ. ‘ನನ್ನ ಕೈ ಇದೆ’ ಅಂದಳು. ವಿಮೆಯಲ್ಲಿ ನಾಮಿನಿ ಬದಲಾಯಿಸಿಕೊಳ್ಳಲು ಇಬ್ಬರಿಗೂ ಹಕ್ಕು. ಮುಂದೆ ತಕರಾರು ಬಂದರೆ ಕೋರ್ಟಿಗೆ ಹೋಗುವ ಮೊದಲು ಮಧ್ಯಸ್ಥರ ಮುಂದೆ ಕೂರಬೇಕು. ಮನಸ್ಸು ಬದಲಾಗಿ ಮತ್ತೆ ಒಂದಾಗಿ ಬಾಳಿದರೆ ಈ ಕಾಗದ ತಾನಾಗಿಯೇ ರದ್ದು. ಇದನ್ನು ಓದುವಾಗ ಜನ ಸಾಮಾನ್ಯವಾಗಿ ಬೇರೆ ಕಡೆ ನೋಡುತ್ತಾರೆ. ಇವರೂ ನೋಡಿದರು.

ಆಮೇಲೆ ಬಂದದ್ದು, ಒಬ್ಬರ ಬದುಕಿನಲ್ಲಿ ಇನ್ನೊಬ್ಬರು ತಲೆಹಾಕಬಾರದು ಎನ್ನುವ ಕಲಮು. ಎಲ್ಲರ ಕಾಗದದಲ್ಲೂ ಇರುತ್ತದೆ. ಅವನು ಅದಕ್ಕೊಂದು ಬಾಲ ಸೇರಿಸಬೇಕು ಅಂದ.

“ನಮ್ಮನೆಗೆ ಬರೋದಾಗ್ಲಿ, ಫೋನ್ ಮಾಡೋದಾಗ್ಲಿ ಬೇಡ ಮೇಡಂ. ಯಾವ ಕಾರಣಕ್ಕೂ. ಇವಳ ಮೇಲೆ ನನಗೇನಿಲ್ಲ, ಆದ್ರೆ ಅಲ್ಲಿ... ಫೋನಲ್ಲಿ ಇವಳ ಹೆಸರು ಕಂಡ್ರೆ ಮೂರು ದಿನ ಮನೇಲಿ ಒಲೆ ಹತ್ತಲ್ಲ.”

“ನಾನ್ಯಾಕೆ ಫೋನ್ ಮಾಡ್ಲಿ?” ಅಂದಳು ಕಾಜಾ. “ಒಪ್ಪಿದೆ.”

ಅತ್ತೆ ತನ್ನ ಹತ್ತಿರವೇ ಇರುತ್ತಾರೆಂಬ ಧೈರ್ಯದಲ್ಲಿ ಹೇಳಿದ ಮಾತು ಅದು. ಟೈಪ್ ಮಾಡಿದೆ. ಮುಂದಿನದು ಅತ್ತೆಯ ಸಾಲು.

ಅಲ್ಲಿ ಬಂಡಿ ನಿಂತಿತು. ಮಗುವನ್ನು ನೋಡಿಕೊಳ್ಳುವವರಿಲ್ಲ ಅಂದ ಅವನು. ಬಟ್ಟೆಯಂಗಡಿಯವರು ರಜೆ ಮುಗಿಯಿತು ಅಂತಿದ್ದಾರೆ. ಅಮ್ಮ ಬಂದರೆ ಒಂದು ಕೈಯಾಗುತ್ತದೆ. ಜನವೂ ಆಡಿಕೊಳ್ಳುತ್ತಾರೆ, ಹೆಂಡತಿಯನ್ನು ಬಿಟ್ಟವನು ಹೆತ್ತವಳನ್ನೂ ಬಿಟ್ಟ ಅಂತ.

“ಸರಿಯಾಗಿ ಕಣ್ಣು ಕಾಣದೋರು ಮಗು ನೋಡ್ಕೋತಾರಾ?” ಅಂದಳು ಅವಳು. “ಇನ್ನೇನಾದ್ರೂ ತಗೊಳ್ಳಿ. ಮಂಚ ತಗೊಳ್ಳಿ, ಮಿಷನ್ ತಗೊಳ್ಳಿ. ನಾನು ನಿಮ್ಮನ್ನ ಏನಾದ್ರೂ ಕೇಳಿದೀನಾ ಇಷ್ಟು ದಿನ? ಇದೊಂದು ಕೇಳ್ತಿದೀನಿ.”

ಮಂಚ ತಗೊಳ್ಳಿ ಅಂದಾಗ ಅವಳ ದನಿ ಒಡೆಯಿತು. ಅವನು ತಲೆ ತಗ್ಗಿಸಿ ಚೀಲದ ಜಿಪ್ಪನ್ನು ಎಳೆದ, ಮುಚ್ಚಿದ, ಮತ್ತೆ ಎಳೆದ. ಆಮೇಲೆ ಅಂದ: “ಆಯ್ತು, ಇರ್ಲಿ. ಯಾರಾದ್ರೂ ಆಯಾನ ನೋಡ್ತೀನಿ. ಅಮ್ಮ ನಿನ್ನ ಹತ್ರಾನೇ ಇರ್ಲಿ. ಬರ್ಕೊಳ್ಳಿ ಮೇಡಂ.”

ಅಲ್ಲಿಗೆ ಮುಗಿಯಿತು. ನಾಲ್ಕು ಪದ ಒತ್ತಿದರೆ ಆಗುತ್ತಿತ್ತು, ಬೆರಳು ಕೀಲಿಗಳ ಮೇಲೆಯೇ ಇತ್ತು. ಆದರೆ ನನಗೆ ನನ್ನ ಪದ್ಧತಿ! ಮೂವತ್ತೊಂದು ವರ್ಷದ ಪದ್ಧತಿ!

“ಅವರನ್ನ ಕೇಳಿದ್ರಾ?” ಅಂದೆ.

“ಯಾರನ್ನ?”

“ನಿಮ್ಮ ತಾಯೀನ. ಅವರೇನು ಕುಕ್ಕರಾ, ನೀನು ಇಟ್ಕೋ ನಾನು ಇಟ್ಕೋತೀನಿ ಅನ್ನೋಕೆ? ಬುದ್ಧಿ ಸ್ವಾಧೀನದಲ್ಲಿರೋ ಹೆಂಗಸು. ಅವರ ಬಾಯಿಂದ ಬರಬೇಕು.”

ಕಾಜಾಳ ಮುಖ ಬಿಳಿಚಿಕೊಂಡಿತು. “ಅಮ್ಮಾ, ಬೇಡ. ಇವರು ಒಪ್ಪಿದಾರಲ್ಲ. ಹೀಗೇ ಬರ್ಕೊಂಡ್ಬಿಡಿ.”

ಆ ‘ಬೇಡ’ದಲ್ಲಿ ಏನಿತ್ತು ಅಂತ ನನಗೆ ಆಗ ಹೊಳೆಯಲಿಲ್ಲ. ಸಂಕೋಚ ಅಂದುಕೊಂಡೆ. ಮೇಲಾಗಿ ಅತ್ತೆಯ ಬಾಯಿಂದಲೇ ‘ನಾನು ಸೊಸೆಯ ಹತ್ತಿರ ಇರ್ತೀನಿ’ ಅನ್ನಿಸಿ, ಆ ಮನುಷ್ಯ ಅದನ್ನು ಕೇಳಲಿ ಎನ್ನುವ ಚಪಲವೂ ನನಗಿತ್ತು. ಸುಳ್ಳು ಯಾಕೆ ಹೇಳಲಿ? “ಹುಚ್ಚಿ, ಹೆದರ್ತೀಯಾ ಯಾಕೆ? ನಿನ್ನ ಬಿಟ್ಟು ಎಲ್ಲಿಗೆ ಹೋಗ್ತಾರೆ ಅವರು? ಸೋಮವಾರ ಕರ್ಕೊಂಡು ಬಾ,” ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸೋಮವಾರ ಅತ್ತೆ ಸೊಸೆಯ ತೋಳು ಹಿಡಿದು ಬಂದರು. ತಲೆ ಬಾಚಿ, ಒಗೆದ ಬಟ್ಟೆ ಉಟ್ಟಿದ್ದರು. ಮಗ ಆಗಲೇ ಬಂದು ಕಾಯುತ್ತಿದ್ದ. ಇಬ್ಬರ ಬೆಂಚಿನ ಮೇಲೆ ಮೂವರು ಕೂತರು, ಅತ್ತೆ ನಡುವೆ. ನಾನು ಗಂಟಲು ಸರಿ ಮಾಡಿಕೊಂಡು ವಿಷಯ ಬಿಡಿಸಿ ಹೇಳಿದೆ. ಇಬ್ಬರೂ ನಿಮ್ಮನ್ನು ಬಯಸುತ್ತಾರೆ, ನಿಮಗೆ ಎಲ್ಲಿರಲು ಇಷ್ಟವೋ ನೀವೇ ಹೇಳಿ ಅಂದೆ. ಅವರು ಮಗನಿದ್ದ ಕಡೆಗೆ ಮುಖ ತಿರುಗಿಸಿದರು.

“ಹಲ್ಲು ಬಂತೇನೋ?”

“ಎರಡು ಬಂದಿದೆ ಅಮ್ಮ.”

“ಕೆಳಗಿನದಾ?”

“ಹೂಂ, ಕೆಳಗಿನದು.”

“ನಿಂಗೂ ಕೆಳಗಿನದೇ ಮೊದ್ಲು ಬಂದಿದ್ದು,” ಅಂದರು. ಕೈಗಳನ್ನು ಮಡಿಲಲ್ಲಿ ಬಿಡಿಸಿ, ಮಡಿಚಿ, ಮತ್ತೆ ಬಿಡಿಸಿದರು. ಆ ಕೈಗಳಿಗೆ ಆವತ್ತು ಗುಂಡಿ ಇರಲಿಲ್ಲ. “ನಾನು ಹೋಗ್ತೀನಿ.”

ಮೇಲಿನ ಮಹಡಿಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು.

“ನಿನ್ನ ಮೇಲೆ ಬೇಜಾರಿಲ್ಲ ಕಣೇ,” ಎಂದು ಸೊಸೆಯ ಮೊಣಕಾಲು ತಡವಿದರು. “ನೀನು ನನ್ನ ಹೆಂಗೆ ನೋಡ್ಕೊಂಡಿದೀಯ ಅಂತ ನನಗೆ ಗೊತ್ತಿಲ್ವಾ? ಆದ್ರೆ ಹುಟ್ಟಿ ಹತ್ತು ತಿಂಗಳಾಯ್ತು, ಒಂದ್ಸಲಾನೂ ಮುಟ್ಟಿಲ್ಲ ನಾನು. ಎತ್ಕೋಬೇಕು ಅನ್ಸುತ್ತೆ. ರಾತ್ರಿ ಎದ್ರೆ ಅದೇ ಅನ್ಸುತ್ತೆ. ನಿನ್ನ ಮುಂದೆ ಹೆಂಗೆ ಹೇಳ್ಲಿ ಅಂತ ಸುಮ್ನಿದ್ದೆ. ಕೇಳಿದ್ರಲ್ಲ, ಹೇಳಿದೆ.”

ಕೇಳಿದ್ದು ನಾನು. ಕಾಜಾಳಿಗೆ ಇದು ಮೊದಲೇ ಗೊತ್ತಿತ್ತು. ಒಂದೇ ಕೋಣೆಯಲ್ಲಿ ಮಲಗುವವರಿಗೆ ಇನ್ನೊಬ್ಬರು ಯಾಕೆ ಎದ್ದು ಕೂತರು ಎಂದು ತಿಳಿಯದೆ ಇರುತ್ತದೆಯೇ? ಯಾರೂ ಬಾಯಿಬಿಟ್ಟು ಕೇಳದೆ ಇದ್ದರೆ ಅತ್ತೆ ಹೇಳುತ್ತಿರಲಿಲ್ಲ. ಹೇಳದೆ ಇದ್ದಿದ್ದರೆ ಇನ್ನೂ ಐದಾರು ವರ್ಷ ಆ ಮನೆಯ ಬಾಗಿಲು ಒಳಗಿನಿಂದ ತೆರೆಯುತ್ತಿತ್ತು. ಅದು ನ್ಯಾಯವೋ ಅಲ್ಲವೋ ನನಗೆ ಇವತ್ತಿಗೂ ತಿಳಿಯದು. ಆದರೆ ಆವತ್ತು ನನ್ನ ಪದ್ಧತಿಗೆ ಬೆಂಕಿ ಬೀಳಲಿ ಅನಿಸಿತು.

ನಾನು ಅವಳ ಮುಖ ನೋಡಲಾಗದೆ ಪರದೆ ನೋಡಿದೆ. “ಬರ್ಕೊಳ್ಳಿ ಅಮ್ಮ,” ಅಂದಳು. “ಒಪ್ಪಿದೆ.” ಅತ್ತೆಯನ್ನು ಯಾವತ್ತೂ ಮಾತಾಡಿಸುವ ದನಿಯಲ್ಲೇ ಅಂದಳು. ಎಷ್ಟು ಗಟ್ಟಿ ಹೆಣಿಗೆ ಅವಳದು.

ಕೆಡಿಸಿದ್ದನ್ನು ಸರಿ ಮಾಡಲು ನಾನು ಕೈಲಾದ ಕಸರತ್ತು ಮಾಡಿದೆ. ಬೇರೆಯವರ ಕಾಗದಗಳಲ್ಲಿ ಮಕ್ಕಳಿಗೆ ಬರೆಯುವ ಭೇಟಿಯ ಕಲಮನ್ನು ತೆಗೆದು, ‘ಮಗು’ ಇದ್ದ ಕಡೆಯೆಲ್ಲ ‘ಅತ್ತೆ’ ಎಂದು ಹಾಕಿದೆ. ತಿಂಗಳಿಗೆ ಎರಡು ಭಾನುವಾರ ಅತ್ತೆಯವರನ್ನು ಸೊಸೆಯ ಮನೆಗೆ ಕರೆತಂದು, ಸಾಯಂಕಾಲ ವಾಪಸು ಕರೆದೊಯ್ಯುವುದು ಮಗನ ಹೊಣೆ. ಗಟ್ಟಿಯಾಗಿ ಓದಿದೆ. ಅವನು ತಲೆ ಕೆರೆದುಕೊಂಡ. ಎರಡು ಬಸ್ಸು ಬದಲಾಯಿಸಬೇಕು, ಭಾನುವಾರವೇ ಲಿಫ್ಟುಗಳು ಕೆಡುವುದು, ತಿಂಗಳಿಗೆ ಒಂದು ಅಂದರೆ ನೋಡಬಹುದು ಅಂದ.

ಅತ್ತೆ ಗದರಿದರು. “ಇದಕ್ಕೆಲ್ಲ ಕಾಗದ ಯಾಕ್ರೀ? ನಾನೇನು ದೇಶ ಬಿಟ್ಟು ಹೋಗ್ತಿದೀನಾ? ಮನಸ್ಸು ಬಂದಾಗ ಬರ್ತೀನಿ. ಅವಳೂ ಬರ್ತಾಳೆ.”

ಬಾಲ ಸೇರಿಸಿದ ಕಲಮು ಅವರಿಗೆ ಗೊತ್ತಿರಲಿಲ್ಲ. ಅದನ್ನು ಓದಿದ್ದು ಶನಿವಾರ. ಮಗ ಬೂಟಿನ ತುದಿ ನೋಡುತ್ತಿದ್ದ. ಕಾಜಾ ಮೇಜಿನ ಮೇಲೆ ಬಾಗಿ, ಮೆತ್ತಗೆ ಅಂದಳು: “ಅತ್ತೆ ಹೇಳೋದು ಸರಿ. ಅದನ್ನ ತೆಗೆದುಬಿಡಿ ಅಮ್ಮ. ಕಾಗದ ತೋರಿಸಿ ಕರೆಸ್ಕೊಂಡ್ರೆ ಅದು ಬಂದ ಹಾಗಲ್ಲ.” ತೆಗೆದೆ. ಮೂರು ಪ್ರತಿ ಪ್ರಿಂಟ್ ತೆಗೆದೆ. ಪ್ರಿಂಟರ್ ಯಾವತ್ತಿಗಿಂತ ಹೆಚ್ಚು ಕೆಮ್ಮಿತು.

ಸಹಿಗೆ ಮುಂಚೆ ಕೈಯಲ್ಲಿ ತುಂಬಬೇಕಾದ ಒಂದು ಕಲಮು ಉಳಿದಿತ್ತು. ಇದು ಕಾನೂನಿನದಲ್ಲ, ನನ್ನದು. ಹಿಂದೊಮ್ಮೆ ಬೇರೆಯಾದ ಗಂಡಸೊಬ್ಬನಿಗೆ ದಾರಿಯಲ್ಲಿ ಅಪಘಾತವಾಗಿ, ಯಾರಿಗೆ ಹೇಳಬೇಕೆಂದು ತಿಳಿಯದೆ ಆಸ್ಪತ್ರೆಯವರು ಎರಡು ದಿನ ಪರದಾಡಿದ್ದರು. ಆಗಿನಿಂದ ಎಲ್ಲರ ಕಾಗದದ ಕೊನೆಗೂ ಎರಡು ಸಾಲು ಸೇರಿಸುತ್ತೇನೆ: ಗಂಡನಿಗೆ ಆಪತ್ತಾದರೆ ಯಾರಿಗೆ ತಿಳಿಸಬೇಕು, ಹೆಂಡತಿಗೆ ಆಪತ್ತಾದರೆ ಯಾರಿಗೆ ತಿಳಿಸಬೇಕು. ಎದುರಿಗೆ ಖಾಲಿ ಜಾಗ. ತುಂಬಲು ಹೆಸರಿಲ್ಲದಿದ್ದರೆ ಆ ಜಾಗಕ್ಕೆ ಗೀಟು ಎಳೆಯಬೇಕು. ಖಾಲಿ ಬಿಟ್ಟರೆ ನಾಳೆ ಯಾರಾದರೂ ಏನಾದರೂ ಬರೆದುಕೊಳ್ಳಬಹುದು.

ಗಂಡ ತನ್ನ ಸಾಲಿನಲ್ಲಿ ಆ ಹೆಂಗಸಿನ ಹೆಸರು, ನಂಬರು ಬರೆದ. ಕಾಗದ ಕಾಜಾಳ ಮುಂದೆ ಬಂತು. ತಂದೆ ತಾಯಿ ಹೋಗಿ ಬಹಳ ಕಾಲವಾಗಿತ್ತು. ಇದ್ದೊಬ್ಬ ತಮ್ಮ ಹಡಗಿನ ಕೆಲಸಕ್ಕೆ ಸೇರಿದವನು ಎಲ್ಲಿದ್ದಾನೋ. ಪೆನ್ನಿನ ತುದಿಯಿಂದ ಮೇಜು ಕುಟ್ಟುತ್ತ ಕೂತಳು.

“ಏನು ಕೇಳ್ತಿದಾರೇ ಅಲ್ಲಿ?” ಅಂದರು ಅತ್ತೆ.

“ನನಗೇನಾದ್ರೂ ಆದ್ರೆ ಯಾರಿಗೆ ಹೇಳ್ಬೇಕು ಅಂತ ಅತ್ತೆ.”

“ಯಾರಿಗೆ ಅಂದ್ರೆ? ನನಗೇ ಹೇಳ್ಬೇಕು! ಇನ್ಯಾರಿಗೆ ಹೇಳ್ತಾರೆ? ಬರಿ ನನ್ನ ಹೆಸರು.”

ಕಾಜಾ ತಲೆಯೆತ್ತಿ ಗಂಡನನ್ನು ನೋಡಿದಳು. ಅತ್ತೆಯ ಹತ್ತಿರ ಫೋನಿಲ್ಲ. ಇನ್ನು ಮುಂದೆ ಅವರಿಗೆ ಸುದ್ದಿ ಮುಟ್ಟಬೇಕಾದರೆ ಅವನ ಫೋನಿಗೇ ಮುಟ್ಟಬೇಕು. ಯಾವ ಕಾರಣಕ್ಕೂ ಬೇಡ ಎಂದು ಶನಿವಾರ ಬರೆಸಿದ್ದವನು ಅವನೇ, ಒಪ್ಪಿದೆ ಅಂದವಳು ಅವಳೇ. ಈಗಲೂ ಅವನು ‘ಪರವಾಗಿಲ್ಲ, ಬರಿ’ ಅನ್ನಬಹುದಿತ್ತು. ನಾನು ಅವನ ಮುಖವನ್ನೇ ದಿಟ್ಟಿಸಿದೆ. ಅವನು ತುಟಿ ಬಿಚ್ಚಿದ, ಆಮೇಲೆ ತಾಯಿಗೆ ಕಾಣದ ಹಾಗೆ ಬೇಡವೆಂದು ತಲೆಯಾಡಿಸಿದ. ಅವನು ಅಷ್ಟು ಮೆಲ್ಲಗೆ ಆಡಿಸಬೇಕಾಗಿರಲಿಲ್ಲ, ತಾಯಿಗೆ ಹೇಗೂ ಕಾಣುತ್ತಿರಲಿಲ್ಲ.

ಅವಳು ನನ್ನ ಮೇಜಿನ ಸ್ಕೇಲು ತೆಗೆದುಕೊಂಡಳು. ಖಾಲಿ ಜಾಗದ ಈ ತುದಿಯಿಂದ ಆ ತುದಿಗೆ ಒಂದು ಗೀಟು ಎಳೆದಳು, ಬಟ್ಟೆಯ ಮೇಲೆ ಗುರುತು ಹಾಕುವಷ್ಟು ನೇರವಾಗಿ. ಎರಡನೆಯ ಪ್ರತಿಗೂ, ಮೂರನೆಯದಕ್ಕೂ.

“ಬರೆದೆಯೇನೇ?”

“ಬರೆದೆ ಅತ್ತೆ.”

“ಎಲ್ಲಿ, ಓದು.”

ಕಾಜಾ ಕಾಗದವನ್ನು ಬೆಳಕಿಗೆ ಹಿಡಿದು, ಆ ಗೀಟಿನ ಕೆಳಗೆ ಬೆರಳಿಟ್ಟು, ನಾನು ಓದುವ ಧಾಟಿಯಲ್ಲೇ ಓದಿದಳು. ಹೆಂಡತಿಗೆ ಆಪತ್ತಾದಲ್ಲಿ ಅವಳ ಅತ್ತೆಯವರಿಗೆ ಕೂಡಲೇ ತಿಳಿಸತಕ್ಕದ್ದು ಎಂದು ಓದಿ, ಅವರ ಹೆಸರನ್ನೂ ಅವರ ಗಂಡನ ಹೆಸರನ್ನೂ ಪೂರ್ತಿಯಾಗಿ ಹೇಳಿದಳು. ನನ್ನ ಮೇಜಿನಲ್ಲಿ ಬರೆದದ್ದು ಒಂದು, ಓದಿದ್ದು ಇನ್ನೊಂದು ಆದದ್ದು ಅದೇ ಮೊದಲು. ನಾನು ಬಾಯಿ ಬಿಡಲಿಲ್ಲ.

ಅತ್ತೆಗೆ ಸಮಾಧಾನವಾಯಿತು. ಸ್ವಲ್ಪ ಯೋಚಿಸಿ ಅಂದರು: “ಎಷ್ಟು ಹೊತ್ತಾಗಿದ್ರೂ ಅಂತ ಸೇರ್ಸು. ಮುದುಕಿ ಮಲಗಿರ್ತಾಳೆ ಅಂತ ಸುಮ್ಮನಾಗಿಬಿಡ್ತಾರೆ.”

“ಸೇರಿಸಿದೆ ಅತ್ತೆ,” ಅಂದು ಅವಳು ಸಹಿ ಹಾಕಿದಳು.